ಬೇಟೆಗೆ ನಿಷೇಧ, ಬಲೆಗೆ?

ಸಂಪಾದಕರೇ,

ವ್ಯಾಪಾರಕ್ಕಾಗಿ ತಿಮಿಂಗಿಲ ಬೇಟೆ ನಿಲ್ಲಿಸಬೇಕೆಂದು ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ 1982ರಲ್ಲೇ ತೀರ್ಮಾನಿಸಿತು. ಕಡಲಾಮೆಗಳನ್ನು ಹಿಡಿಯಬಾರದೆಂಬ ಕಾನೂನೂ ಬಹಳ ದೇಶಗಳಲ್ಲಿದೆ. ಆದರೂ ಬೇರೆ ಮೀನಿಗೆ ಬೀಸಿದ ಬಲೆಯಲ್ಲಿ ಸಿಕ್ಕಿ ಇವು ಸಾಯುತ್ತಲೇ ಇವೆ.

ಆಮೆಗೆ ಕಿವಿರಿಲ್ಲ. ಉಸಿರಾಡಲು ಮೇಲೆ ಬರಲೇಬೇಕು. ಗಂಟೆಗಟ್ಟಲೆ ಎಳೆಯುವ ಟ್ರಾಲ್ ಬಲೆಯಲ್ಲಿ ಸಿಕ್ಕಿಕೊಂಡರೆ ಉಸಿರುಕಟ್ಟಿ ಸಾಯುತ್ತದೆ. ಪರಿಹಾರ ಹೊಸದೇನಲ್ಲ: ಬಲೆಯೊಳಗೆ ಓರೆಯಾಗಿ ಕೂರಿಸುವ ಕಂಬಿಗಳ ಚೌಕಟ್ಟು. ಸಿಗಡಿ ಕಂಬಿಗಳ ನಡುವೆ ನುಸುಳಿ ಬಲೆಯ ತುದಿ ಸೇರುತ್ತದೆ. ಆಮೆ ಕಂಬಿಗೆ ತಾಗಿ ಅಲ್ಲಿರುವ ಕಿಂಡಿಯಿಂದ ಹೊರಬೀಳುತ್ತದೆ. ಒಂದಿಷ್ಟು ಮೀನೂ ಅದೇ ಕಿಂಡಿಯಿಂದ ತಪ್ಪಿಸಿಕೊಳ್ಳುತ್ತದೆ ಎಂಬ ಮೀನುಗಾರರ ದೂರು ಸುಳ್ಳಲ್ಲ. ಆ ನಷ್ಟವನ್ನೆಲ್ಲ ಅವರ ತಲೆಗೇ ಕಟ್ಟಿ, ಸುಮ್ನೆ ‘ಕಾನೂನು ಪಾಲಿಸಿ’ ಎಂದರೆ ಯಾರು ಕೇಳುತ್ತಾರೆ? ಚೌಕಟ್ಟಿನ ಖರ್ಚನ್ನು ಸರ್ಕಾರಗಳೇ ಕೊಡಲಿ. ತಪಾಸಣೆ ಬಂದರಿನಲ್ಲಷ್ಟೇ ಅಲ್ಲ, ಸಮುದ್ರದಲ್ಲೂ ನಡೆಯಲಿ.

ಮೆಕ್ಸಿಕೊದ ವಾಕಿಟಾ ನೋಡಿ. ಡಾಲ್ಫಿನ್‌ಗೆ ನೆಂಟನಾದ ಈ ಪುಟ್ಟ ಪ್ರಾಣಿ ಯಾರಿಗೂ ಬೇಕಿರಲಿಲ್ಲ. ಟೊಟೊಆಬಾ ಮೀನಿಗೆ ಹಾಕಿದ ಬಲೆಗೆ ಸಿಕ್ಕಿ ಸಿಕ್ಕಿ, ಈಗ ಹತ್ತರ ಆಸುಪಾಸಿನಷ್ಟೇ ಉಳಿದಿವೆ. ನಿಷೇಧ ಅಲ್ಲೂ ಇತ್ತು, ಕಾಗದದಲ್ಲಿ.

ಹಡಗುಗಳದ್ದೂ ಇದೇ ಕತೆ. ತಿಮಿಂಗಿಲ ಓಡಾಡುವ ಜಾಗದಲ್ಲಿ ವೇಗವನ್ನು 10 ನಾಟ್‌ಗೆ (ಗಂಟೆಗೆ ಸುಮಾರು 18.5 ಕಿ.ಮೀ.) ಇಳಿಸಿದರೆ, ಡಿಕ್ಕಿಯಾದರೂ ಅವು ಸಾಯುವ ಸಂಭವ ಕಡಿಮೆ. ಇದನ್ನು ಮನವಿಯಾಗಿ ಬಿಡದೆ ಕಡ್ಡಾಯ ಮಾಡಬೇಕು. ಸರಕು ಸ್ವಲ್ಪ ತಡವಾಗಿ ಬರುತ್ತದೆ, ಅಷ್ಟೇ ಅಲ್ವಾ?

— ಒಬ್ಬ ಓದುಗ