ಮಣ್ಣೆತ್ತು ಮಕ್ಕಳ ಕೈಯಲ್ಲೇ ಆಗಲಿ

ಮಾನ್ಯ ಸಂಪಾದಕರೆ,

ಕಾರಹುಣ್ಣಿಮೆ ಮುಗಿಯುತ್ತಿದ್ದಂತೆ ನಮ್ಮ ಭಾಗದಲ್ಲಿ ಮಕ್ಕಳ ಹಬ್ಬಗಳ ಸಾಲು ಶುರುವಾಗುತ್ತದೆ. ಮೊದಲು ಮಣ್ಣೆತ್ತಿನ ಅಮವಾಸ್ಯೆ, ಆಷಾಢದ ಮಂಗಳವಾರಗಳಿಗೆ ಹೆಣ್ಣುಮಕ್ಕಳು ಮಾಡುವ ಮಣ್ಣಿನ ಗೊಂಬೆ ಗುಳ್ಳವ್ವ, ಶ್ರಾವಣಕ್ಕೆ ನಾಗಪ್ಪ, ಆಮೇಲೆ ಗಣಪ್ಪ, ಜೋಕುಮಾರ. ಮಣ್ಣು ಹಿಡಿದು ಮಾಡುವ ಈ ಐದರಲ್ಲಿ ಮೊದಲಿನ ಎರಡು ಪೂರಾ ಮಕ್ಕಳ ಪಾಲಿನವು. ಆದರೆ ಈಗ ಬಣ್ಣ ಬಳಿದ ಎತ್ತನ್ನು ಸಂತೆಯಿಂದ ತಂದು ಜಗುಲಿಯ ಮೇಲಿಟ್ಟರೆ ಹಬ್ಬ ಆದಂತೆ. ಶಾಲೆಗಳಲ್ಲಿ ಸ್ಪರ್ಧೆ ಇಟ್ಟರೆ ಮನೆಯ ಹಿರಿಯರು ಮಾಡಿಕೊಟ್ಟ ಎತ್ತಿಗೆ ಬಹುಮಾನ ಸಿಗುತ್ತದೆ. ತಾನೇ ಮಾಡಿದ ಸೊಟ್ಟ ಕೋಡಿನ ಎತ್ತನ್ನು ಮಗು ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳುತ್ತದೆ. ಕುಂಬಾರರ ಮನೆಯಿಂದ ಪೂಜೆಗೆ ಬರುವ ಎತ್ತು ಮೊದಲಿನಿಂದಲೂ ಇದೆ, ಅದು ಇರಲಿ. ನಾವು ಬರೆಯುತ್ತಿರುವುದು ಮಕ್ಕಳು ಮಾಡಬೇಕಾದ ಎತ್ತಿನ ಬಗ್ಗೆ.

ಹಬ್ಬದಲ್ಲಿ ಏನು ಸೇರುತ್ತದೆ ಎಂದು ಮಕ್ಕಳನ್ನೇ ಕೇಳಿ ನೋಡಿ. ಹೊಸ ಬಟ್ಟೆಗಿಂತ ಮೊದಲು ಅವರ ಬಾಯಲ್ಲಿ ಬರುವುದು ರಾಡಿ ತುಳಿಯುವುದು, ಗೆಳೆಯರ ಕೂಡ ಓಣಿ ಓಣಿ ತಿರುಗುವುದು, ದೊಡ್ಡವರ ಹಂಗಿಲ್ಲದೆ ಹಂಚಿಕೊಂಡು ತಿನ್ನುವುದು. ವಿಶ್ವಸಂಸ್ಥೆಯು 1989ರಲ್ಲಿ ಅಂಗೀಕರಿಸಿ ಭಾರತ 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಹೇಳುವುದೂ ಇದನ್ನೇ: ವಿರಾಮ, ಆಟ, ಸಾಂಸ್ಕೃತಿಕ ಬದುಕಿನಲ್ಲಿ ಪಾಲ್ಗೊಳ್ಳುವುದು ಮಕ್ಕಳ ಹಕ್ಕು. ಪಾಲ್ಗೊಳ್ಳುವುದೆಂದರೆ ವೇದಿಕೆಯ ಮುಂದೆ ಸಾಲಾಗಿ ಕೂತು ಚಪ್ಪಾಳೆ ತಟ್ಟುವುದಲ್ಲ.

ಕೆಲಸ ಶುರುವಾಗುವುದು ಮಣ್ಣಿನಿಂದ, ಕೆಡುವುದೂ ಅಲ್ಲಿಂದಲೇ. ನಮ್ಮ ಹೊಲಗಳ ಎರಿ ಮಣ್ಣು, ಅಂದರೆ ಕಪ್ಪು ಮಣ್ಣು, ಕೈಗೆ ಮೆತ್ತಗೆ ಚೆನ್ನಾಗಿ ಬರುತ್ತದೆ, ಆದರೆ ನೀರು ಕುಡಿದಾಗ ಉಬ್ಬಿ, ಆರಿದಾಗ ಕುಗ್ಗುವ ಗುಣ ಅದಕ್ಕೆ ಬಹಳ. ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವಂತೆ ಎತ್ತೂ ಬಿರಿಯುತ್ತದೆ. ಕೆರೆಯ ಜಿಗುಟು ಮಣ್ಣು ಅಥವಾ ಹುತ್ತದ ಮಣ್ಣು ಒಳ್ಳೆಯದು. ಹುತ್ತಕ್ಕೆ ಮಾತ್ರ ಮಕ್ಕಳನ್ನು ಕಳಿಸಲೇಬಾರದು, ಹಾವಿರುತ್ತದೆ. ಮಳೆಗೆ ಕುಸಿದು ಹೊರಗೆ ಬಿದ್ದ ಮಣ್ಣನ್ನು ದೊಡ್ಡವರೇ ತಂದುಕೊಡಬೇಕು. ಎರಿ ಮಣ್ಣು ಬಿಟ್ಟರೆ ಬೇರೆ ಇಲ್ಲ ಎನ್ನುವ ಊರಲ್ಲಿ ಮೂರು ಪಾಲು ಮಣ್ಣಿಗೆ ಒಂದು ಪಾಲು ಸಾಣಿಸಿದ ಸಣ್ಣ ಉಸುಕು, ಜೊತೆಗೆ ಒಂದು ಹಿಡಿ ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿ ಹಾಕಿ ತುಳಿಸಬೇಕು. ಉಸುಕು ಕುಗ್ಗುವುದನ್ನು ಕಡಿಮೆ ಮಾಡುತ್ತದೆ, ಹತ್ತಿ ಬಿರುಕು ಹರಡದಂತೆ ಹಿಡಿಯುತ್ತದೆ.

ಒಂದು ಜೋಡೆತ್ತು, ಮುಂದೊಂದು ಗ್ವಾದಲಿಗೆ (ಮೇವು ಹಾಕುವ ತೊಟ್ಟಿ) ಮುಕ್ಕಾಲು ಕೆಜಿಯಷ್ಟು ಮಣ್ಣು ಬೇಕು. 30 ಮಕ್ಕಳ ತರಗತಿಗೆ 25 ಕೆಜಿ ತರಿಸಿದರೆ ಸಾಕು. ಹಿಂದಿನ ದಿನವೇ ಹೆಂಟೆ ಒಡೆದು, ಹರಳು ಆರಿಸಿ, ನೀರು ಚಿಮುಕಿಸಿ ಹಸಿ ಗೋಣಿಚೀಲ ಮುಚ್ಚಿಡಬೇಕು. ಹದ ನೋಡುವುದು ಹೀಗೆ: ಬೆರಳು ದಪ್ಪ ಹೊಸೆದು ಇನ್ನೊಂದು ಬೆರಳಿಗೆ ಸುತ್ತಬೇಕು. ಸೀಳಿದರೆ ನೀರು ಕಡಿಮೆ, ಅಂಗೈಗೆ ಮೆತ್ತಿದರೆ ಹೆಚ್ಚು.

ಮಕ್ಕಳು ಸಾಮಾನ್ಯವಾಗಿ ಮೈ ಬೇರೆ, ಕಾಲು ಬೇರೆ ಮಾಡಿ ಅಂಟಿಸುತ್ತಾರೆ. ಮರುದಿನ ನಾಲ್ಕೂ ಕಾಲು ಕಳಚಿ ಬಿದ್ದಿರುತ್ತವೆ, ಅಳು ಶುರು. ತೆಳು ಕಾಲು ಬೇಗ ಆರಿ ಕುಗ್ಗುತ್ತದೆ, ದಪ್ಪ ಮೈ ಇನ್ನೂ ಹಸಿಯಾಗಿರುತ್ತದೆ. ಬೆಸುಗೆ ಬಿಡುವುದು ಅದಕ್ಕೇ. ಒಂದೇ ಮುದ್ದೆಯಿಂದ ನಾಲ್ಕು ಕಾಲು ಚಿವುಟಿ ಎಳೆಯಲು ಹೇಳಿಕೊಡಿ. ಕಾಲು ಹೆಬ್ಬೆರಳಷ್ಟು ದಪ್ಪ, ಗಿಡ್ಡ ಇರಲಿ. ಡುಬ್ಬವನ್ನೂ ಮೇಲೆ ಹಚ್ಚದೆ ಬೆನ್ನಿನಿಂದಲೇ ಎತ್ತಬಹುದು. ಕೋಡು, ಕಿವಿ ಮಾತ್ರ ಬೇರೆ ಮಾಡಿ ಹಚ್ಚುವುದು ಅನಿವಾರ್ಯ: ಎರಡೂ ಕಡೆ ಕಡ್ಡಿಯಿಂದ ಗೀರು ಹಾಕಿ, ನಡುವೆ ತೆಳು ರಾಡಿ ಸವರಿ ಒತ್ತಬೇಕು. ಕೋಡು ಗಟ್ಟಿಯಾಗಲೆಂದು ಉದ್ದ ಕಡ್ಡಿಯನ್ನು ತಲೆಯೊಳಗೆ ತೂರಿಸುವುದು ತಪ್ಪು. ಕಡ್ಡಿ ಕುಗ್ಗದು, ಮಣ್ಣು ಕುಗ್ಗುತ್ತದೆ, ತಲೆ ಸೀಳುತ್ತದೆ. ಆರಲು ಎರಡು ಮೂರು ದಿನ ನೆರಳಲ್ಲಿಡಿ. ಆ ದಿನಗಳಲ್ಲಿ ನಮ್ಮಲ್ಲಿ ಬಿಸಿಲಿಗಿಂತ ಗಾಳಿ ಜೋರು, ಕಿಟಕಿಯ ಹತ್ತಿರ ಇಟ್ಟ ಎತ್ತೂ ಬಿರಿಯುತ್ತದೆ. ಮೊದಲ ದಿನ ಕೋಡಿನ ಮೇಲೆ ಹಸಿ ಬಟ್ಟೆ ಹಾಕಿದರೆ ಒಳ್ಳೆಯದು. ಕಣ್ಣಿಗೆ ಜೋಳದ ಕಾಳನ್ನು ಅರೆ ಆರಿದ ಮೇಲೆ ಒತ್ತಿ. ಹಸಿಯಲ್ಲಿ ಒತ್ತಿದ ಕಾಳು ನೀರು ಕುಡಿದು ಉಬ್ಬಿ, ಆಮೇಲೆ ಉದುರುತ್ತದೆ.

ಗುಳ್ಳವ್ವನ ವಿಷಯದಲ್ಲಿ ಒಂದು ಎಚ್ಚರ ಹೇಳಲೇಬೇಕು. ಅವಳ ಸಿಂಗಾರಕ್ಕೆ ಕೆಂಪು ಮೈ, ಕಪ್ಪು ಚುಕ್ಕೆಯ ಗುಲಗಂಜಿ ಒತ್ತುವ ರೂಢಿ ಇದೆ. ಗುಲಗಂಜಿ ಕಡು ವಿಷ. ಸಿಪ್ಪೆ ಗಟ್ಟಿಯಾದ್ದರಿಂದ ಇಡಿಯಾಗಿ ನುಂಗಿದಾಗ ಕೆಲವೊಮ್ಮೆ ಹಾಗೇ ಹೊರಬೀಳಬಹುದು, ಆದರೆ ಅಗಿದರೆ ಅಥವಾ ತೂತು ಕೊರೆದದ್ದು ಹೊಟ್ಟೆಗೆ ಹೋದರೆ ಜೀವಕ್ಕೇ ಅಪಾಯ. ವಾಂತಿ, ಭೇದಿ ತಡವಾಗಿಯೂ ಕಾಣಿಸಬಹುದು. ಹಾಗಾಗಿ ಮಗು ಬಾಯಿಗೆ ಹಾಕಿಕೊಂಡಿತೆಂದು ಗೊತ್ತಾದ ಕೂಡಲೆ, ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಕುಸುಬಿ, ಜೋಳ, ಕಡಲೆಬೇಳೆಯಿಂದಲೂ ಗುಳ್ಳವ್ವ ಅಷ್ಟೇ ಚೆಂದ ಕಾಣುತ್ತಾಳೆ. ತಮ್ಮ ತಂಗಿಯರನ್ನು ಕಂಕುಳಲ್ಲಿ ಎತ್ತಿಕೊಂಡು ಆಡುವ ಹೆಣ್ಣುಮಕ್ಕಳ ಗುಂಪಿನಲ್ಲಿ ಗುಲಗಂಜಿ ಬೇಡವೇ ಬೇಡ.

ಅಮವಾಸ್ಯೆಯ ಮರುದಿನ ಮಣ್ಣಿನ ಕುಂಟೆತ್ತು ಹಿಡಿದು ಮನೆಮನೆಗೆ ಜೋಳ ಕೇಳಲು ಹೋಗುವುದನ್ನು ‘ಭಿಕ್ಷೆ ಬೇಡಿದಂತೆ’ ಎಂದು ತಡೆಯುವ ಪಾಲಕರು ಹೆಚ್ಚುತ್ತಿದ್ದಾರೆ. ದಯವಿಟ್ಟು ಬಿಡಿ. ಎಷ್ಟು ಸೇರು ಬಂತು, ಅದನ್ನು ಮಾರಿ ಬೆಲ್ಲ ತರುವುದೋ ಮಂಡಕ್ಕಿ ತರುವುದೋ, ಯಾರಿಗೆ ಎಷ್ಟು ಪಾಲು ಎಂದು ಮಕ್ಕಳು ತಾವೇ ಜಗಳಾಡಿ ತೀರ್ಮಾನಿಸುವ ದಿನ ವರ್ಷದಲ್ಲಿ ಇನ್ನೊಂದಿಲ್ಲ. ಎಲ್ಲ ಕೇರಿಯ ಮಕ್ಕಳೂ ಒಂದೇ ಗುಂಪಿನಲ್ಲಿ ಹೋಗಲಿ, ಎಲ್ಲ ಮನೆಗಳ ಮುಂದೆಯೂ ನಿಲ್ಲಲಿ. ಹಿರಿಯರು ನೋಡಿಕೊಳ್ಳಬೇಕಾದದ್ದು ಅದೊಂದನ್ನು.

ನಾಗರ ಪಂಚಮಿಯ ಉಂಡಿ, ಅಳ್ಳಿಟ್ಟು, ದಾರ ಪೋಣಿಸಿದ ಕೊಬ್ಬರಿ ಬಟ್ಟಲ ಬಗ್ಗೆ ಹೇಳಿಕೊಡುವ ಅಗತ್ಯವಿಲ್ಲ. ಜೋಕಾಲಿ ಬಗ್ಗೆ ಇದೆ. ಬೇವು, ಹುಣಸೆಯ ಹಸಿರು ಟೊಂಗೆ, ದೊಡ್ಡವರ ತೊಡೆಯಷ್ಟು ದಪ್ಪದ್ದು ಆರಿಸಿ. ನುಗ್ಗೆ, ಗುಲ್‌ಮೊಹರ್ ಬೇಡ, ಸದ್ದಿಲ್ಲದೆ ಮುರಿಯುತ್ತವೆ. ನೈಲಾನ್ ಹಗ್ಗದ ಗಂಟು ಜಾರುತ್ತದೆ, ಅಂಗೈಯನ್ನೂ ಕೊಯ್ಯುತ್ತದೆ. ಹೆಬ್ಬೆರಳು ದಪ್ಪದ ನೂಲಿನ ಅಥವಾ ಪುಂಡಿನಾರಿನ ಹಗ್ಗ ಇರಲಿ. ಹಳೆಯದಾದರೆ ಹುರಿ ಬಿಚ್ಚಿ ಒಳಗೆ ನೋಡಿ, ಪುಡಿ ಉದುರಿದರೆ ಎಸೆಯಿರಿ. ಟೊಂಗೆಗೂ ಹಗ್ಗಕ್ಕೂ ನಡುವೆ ಗೋಣಿಚೀಲ ಸುತ್ತದಿದ್ದರೆ ಉಜ್ಜಿ ಉಜ್ಜಿ ಹರಿಯುತ್ತದೆ. ಮಕ್ಕಳನ್ನು ಕೂಡಿಸುವ ಮೊದಲು ಇಬ್ಬರು ಗಂಡಾಳು ಜೋತುಬಿದ್ದು ನೋಡಲಿ. ಕೆಳಗೆ ಕಲ್ಲು ತೆಗೆದು ಉಸುಕು ಹಾಕಿ, ಹೆಣ್ಣುಮಕ್ಕಳ ವೇಲ್ ಸೊಂಟಕ್ಕೆ ಕಟ್ಟಿಸಿ. ಹಳೆಯ ಮನೆಗಳಲ್ಲಿ ಜಂತಿ ಇತ್ತು. ಆರ್‌ಸಿಸಿ ಮನೆಗಳಲ್ಲಿ ಫ್ಯಾನಿನ ಕೊಂಡಿಗೆ ಕಟ್ಟುವವರಿದ್ದಾರೆ. ಅದು ನೇತಾಡುವ ಫ್ಯಾನಿಗಷ್ಟೇ ಹಾಕಿದ್ದು, ಜೀಕುವ ಮಗುವಿಗಲ್ಲ.

ಸರಕಾರಿ ಶಾಲೆಗಳಲ್ಲಿ ತಿಂಗಳಿಗೊಮ್ಮೆ ಬ್ಯಾಗ್ ಇಲ್ಲದ ‘ಸಂಭ್ರಮ ಶನಿವಾರ’ ಇದ್ದೇ ಇದೆ. ಅಮವಾಸ್ಯೆಗೆ ಹತ್ತಿರದ ಶನಿವಾರವನ್ನು ಮುಖ್ಯೋಪಾಧ್ಯಾಯರು ಮಣ್ಣಿನ ಕೆಲಸಕ್ಕೆ ಬಿಟ್ಟುಕೊಟ್ಟರೆ ಸಾಕು. ಮಣ್ಣು, ನೀರು, ಗೋಣಿಚೀಲದ ವ್ಯವಸ್ಥೆ ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮಾಡಬಲ್ಲರು, ಊರಿನ ಕುಂಬಾರರನ್ನು ಕರೆದು ಗೌರವಧನ ಕೊಟ್ಟು ಕಲಿಸಬಹುದು. ಒಂದನೆಯ ಬಹುಮಾನ, ಎರಡನೆಯ ಬಹುಮಾನ ಬೇಡ. ಎಲ್ಲ ಎತ್ತುಗಳನ್ನೂ ವರಾಂಡದಲ್ಲಿ ಸಾಲಾಗಿ ನಿಲ್ಲಿಸಿ, ಪ್ರತಿಯೊಂದರ ಮುಂದೆ ಮಾಡಿದ ಮಗುವಿನ ಹೆಸರು ಬರೆದಿಡಿ. ಮಕ್ಕಳ ಗ್ರಾಮಸಭೆಯಲ್ಲಿ ಶೌಚಾಲಯ, ಕಾಂಪೌಂಡಿನ ಬೇಡಿಕೆಯ ಜೊತೆಗೆ ಜೋಕಾಲಿಗೆ ಒಂದು ಮರ, ಆಡಲು ಒಂದು ಬಯಲು ಬೇಕೆಂದು ಮಕ್ಕಳು ಕೇಳಿದರೆ ಪಂಚಾಯಿತಿಯವರು ಅದನ್ನೂ ನಡಾವಳಿಯಲ್ಲಿ ಬರೆದುಕೊಳ್ಳಬೇಕು. ಬೇವಿನ ಸಸಿ ಜೋಕಾಲಿ ತಾಳುವಷ್ಟು ಬಲಿಯಲು ವರ್ಷಗಳೇ ಬೇಕು, ಆದ್ದರಿಂದ ಈ ಮಳೆಗಾಲದಲ್ಲೇ ನೆಡಬೇಕು.

— ಪ್ರಾಥಮಿಕ ಶಾಲೆಗಳ ಕೆಲವು ಶಿಕ್ಷಕ, ಶಿಕ್ಷಕಿಯರು
ಹುನಗುಂದ ತಾಲ್ಲೂಕು, ಬಾಗಲಕೋಟೆ ಜಿಲ್ಲೆ