ಜ್ವರದ ಕಾರಣ ಹುಡುಕಿ ನಮ್ಮಿಬ್ಬರನ್ನ ಉಳಿಸಿದವರಿಗೆ

ನಾನೂ ಮಗೂನೂ ಆರಾಮಾಗಿದೀವಿ. ಫೋನ್ ಮಾಡಿ, ಮೆಸೇಜ್ ಹಾಕಿ ವಿಚಾರಿಸ್ದೋರಿಗೆಲ್ಲಾ ಒಬ್ಬೊಬ್ಬರಿಗೇ ಉತ್ತರ ಕೊಡೋಕೆ ಆಗ್ಲಿಲ್ಲ, ಈಗ ಕೂತು ಬರೆಯೋವಷ್ಟು ಶಕ್ತಿ ಬಂದಿದೆ.

ಬಸುರಿಗೆ ಏಳು ತಿಂಗಳು ತುಂಬೋ ಹೊತ್ತಿಗೆ ಶುರುವಾದ ಜ್ವರ, ಮಾತ್ರೆ ನುಂಗಿದ್ರೆ ಇಳಿಯೋದು, ಮತ್ತೆ ಏರೋದು. ಮಲೇರಿಯಾ ಇಲ್ಲ, ಡೆಂಗ್ಯೂ ಇಲ್ಲ, ಯೂರಿನ್ ಕಲ್ಚರ್‌ನಲ್ಲೂ ಏನೂ ಇಲ್ಲ. ವೈರಲ್ ಇರ್ಬೇಕು ಬಿಡಿ ಅಂತ ಅಲ್ಲಿಗೇ ಕೈಬಿಡಬಹುದಿತ್ತು, ಆದ್ರೆ ನಮ್ಮ ಡಾಕ್ಟರ್ ಮೇಡಂ ಲಿವರ್ ಟೆಸ್ಟ್ ಬರೆದ್ರು. ಲಿವರ್‌ಗೆ ಪೆಟ್ಟಾದ್ರೆ ರಕ್ತದಲ್ಲಿ ಏರೋ ಎಸ್‌ಜಿಒಟಿ, ಎಸ್‌ಜಿಪಿಟಿ ಅನ್ನೋ ಎಂಜೈಮ್‌ಗಳು 40ರ ಆಸುಪಾಸಲ್ಲಿ ಇರಬೇಕಿತ್ತು, ನಂಗೆ ಸಾವಿರದ ಮೇಲೆ! ಅಷ್ಟಾದ್ರೂ ಕಣ್ಣು ಹಳದಿ ಆಗಿರ್ಲಿಲ್ಲ, ಕಾಮಾಲೆ ತೋರಿಸೋ ಬಿಲಿರುಬಿನ್ ಹೆಚ್ಚೇನೂ ಏರಿರ್ಲಿಲ್ಲ.

ಪ್ಲೇಟ್ಲೆಟ್ ಬೇರೆ ಇಳೀತಾ ಇತ್ತು, ಹಾಗಾಗಿ ಮೊದ್ಲು ಹೆಲ್ಪ್ (HELLP) ಸಿಂಡ್ರೋಮ್, ಅಂದ್ರೆ ಬಸುರಿನಲ್ಲಿ ಲಿವರ್, ಪ್ಲೇಟ್ಲೆಟ್ ಎರಡೂ ಕೆಡೋ ಕಾಯಿಲೆ, ಅಥವಾ ಬಸುರಿನಲ್ಲಿ ಬರೋ ಫ್ಯಾಟಿ ಲಿವರ್ ಅಂತ ಡೌಟ್ ಬಂತು. ಅವೆರಡರಲ್ಲೂ ಹೆರಿಗೆ ಮಾಡಿಸೋದೇ ಮುಖ್ಯ ಚಿಕಿತ್ಸೆ, ಅಂದ್ರೆ ಅಷ್ಟು ಬೇಗ ಮಗೂನ ಹೊರಗೆ ತೆಗೀಬೇಕು. ಮೇಡಂ ಮಂಚದ ಪಕ್ಕ ಕೂತ್ಕೊಂಡು ಹೇಳಿದ್ರು, "ಬಿಪಿ ನಾರ್ಮಲ್ ಇದೆ, ಯೂರಿನಲ್ಲಿ ಪ್ರೋಟೀನ್ ಇಲ್ಲ, ಶುಗರ್ ಇಳಿದಿಲ್ಲ, ಹಾಗಾಗಿ ಅವೆರಡೂ ಅನ್ಸಲ್ಲ, ಬಿಳಿ ರಕ್ತಕಣ ಮಾತ್ರ ಕಮ್ಮಿ, ಮೇಲಿಂದ ಇಷ್ಟು ಜ್ವರ, ನಂಗೆ ಹರ್ಪಿಸ್ ವೈರಸ್ ಮೇಲೆ ಅನುಮಾನ ಕಣಮ್ಮಾ". ಹರ್ಪಿಸ್ ಅಂದ್ರೆ ಸಾಮಾನ್ಯವಾಗಿ ಮೈಮೇಲೆ ಗುಳ್ಳೆ ಬರಿಸೋ ವೈರಸ್, ಆದ್ರೆ ನನ್ನ ಮೈಮೇಲೆ ಒಂದು ಗುಳ್ಳೆನೂ ಇರ್ಲಿಲ್ಲ. ಈ ವೈರಸ್ ಲಿವರ್‌ಗೆ ಇಳಿದಾಗ ಎಷ್ಟೋ ಜನಕ್ಕೆ ಗುಳ್ಳೆನೇ ಕಾಣಿಸಲ್ವಂತೆ, ಅದಕ್ಕೇ ಯಾರಿಗೂ ಹೊಳೆಯಲ್ವಂತೆ.

ಹೆಪಟೈಟಿಸ್ ಇ ಬಸುರಿಯರಿಗೆ ತುಂಬಾ ಅಪಾಯ ಅಂತ ಅದನ್ನೂ ಸೇರಿಸಿ ರಕ್ತ ಕಳಿಸಿದ್ರು, ಹರ್ಪಿಸ್ ವೈರಸ್ ರಕ್ತದಲ್ಲಿ ಇದೆಯಾ ಅಂತ ನೋಡೋಕೆ ಪಿಸಿಆರ್ ಟೆಸ್ಟ್. ಆದ್ರೆ ರಿಪೋರ್ಟ್‌ಗೆ ಕಾಯ್ಲೇ ಇಲ್ಲ, ಅವತ್ತೇ ಹರ್ಪಿಸ್‌ಗೆ ಕೊಡೋ ಔಷಧಿ ಅಸೈಕ್ಲೋವಿರ್ ಡ್ರಿಪ್ ಹಾಕಿಸಿದ್ರು, ತಡ ಆದ್ರೆ ಲಿವರ್ ಪೂರ್ತಿ ಕೈಕೊಡುತ್ತೆ ಅಂತ. ಆಮೇಲೆ ಪಿಸಿಆರ್ ಪಾಸಿಟಿವ್ ಬಂತು. ಅಷ್ಟೊತ್ತಿಗೆ ನಂಗೆ ಜ್ವರ ಬಿಡ್ತಾ ಇತ್ತು, ಮಗು ಹೊಟ್ಟೆಲೇ ಇತ್ತು. ಮೇಡಂ, ಈ ಒಂದು ನಿರ್ಧಾರಕ್ಕೆ ನಾನು ಜೀವನಪೂರ್ತಿ ಋಣಿ.

ಲ್ಯಾಬ್‌ನವರಿಗೂ ಹೇಳ್ಬೇಕು, ಪ್ರಿಂಟ್ ಬರೋವರೆಗೂ ಕಾಯದೆ ನಂಬರ್‌ಗಳನ್ನ ಫೋನಲ್ಲೇ ವಾರ್ಡಿಗೆ ಹೇಳೋರು. ದಿನಾ ಚುಚ್ಚಿ ಚುಚ್ಚಿ ಎರಡೂ ಕೈ ನೀಲಿಗಟ್ಟಿದ್ವು, ನರ ಸಿಗ್ತಿರ್ಲಿಲ್ಲ, ನೈಟ್ ಡ್ಯೂಟಿ ಸಿಸ್ಟರ್ ಒಬ್ರು ನನ್ನ ಕೈನ ತಮ್ಮ ಅಂಗೈಯಲ್ಲಿಟ್ಟು ಬಿಸಿ ಮಾಡಿ ಆಮೇಲೆ ಸೂಜಿ ಹಾಕೋರು, ಆಮೇಲೆ ಮಗು ಎದೆಬಡಿತ ಕೇಳಿಸಿಯೇ ಹೋಗೋರು. ಸಿಸ್ಟರ್, ನಿಮ್ಮನ್ನ ಹೇಗೆ ಮರೀಲಿ? ಪ್ಲೇಟ್ಲೆಟ್ ಕೊಟ್ಟ ಗುರುತಿಲ್ಲದ ಪುಣ್ಯಾತ್ಮರಿಗೆ ಕೈಮುಗೀತೀನಿ.

ನಮ್ಮನೆಯವರು ಪ್ರತಿ ರಿಪೋರ್ಟಿನ ನಂಬರ್‌ನ ತಾರೀಕಿನ ಸಮೇತ ಒಂದು ನೋಟ್‌ಬುಕ್ಕಲ್ಲಿ ಬರೆದಿಡ್ತಿದ್ರು, ಯಾವ ಡಾಕ್ಟರ್ ಹೊಸದಾಗಿ ಬಂದ್ರೂ ಮೊದ್ಲು ಅದನ್ನೇ ಕೇಳಿ ನೋಡೋರು. ಅಮ್ಮ, ಅತ್ತೆ ಇಬ್ರೂ ಸರದಿ ಮೇಲೆ ಒದ್ದೆ ಬಟ್ಟೆಲಿ ಮೈ ಒರೆಸ್ತಾ ರಾತ್ರಿಯೆಲ್ಲಾ ಕೂತಿದ್ದಾರೆ.

ದಿನ ತುಂಬಿ ಹೆರಿಗೆ ಆಯ್ತು. ಮಗುಗೂ ವೈರಸ್ ತಗುಲಿರಬಹುದು ಅಂತ ಮಕ್ಕಳ ಡಾಕ್ಟರ್ ಎಲ್ಲಾ ಟೆಸ್ಟ್ ಮಾಡಿಸಿ, ಏನೂ ಇಲ್ಲ ಅಂತ ಖಾತ್ರಿ ಆದ್ಮೇಲೇನೇ ಮನೆಗೆ ಕಳಿಸಿದ್ದು. ಸರ್, ನಿಮಗೂ ತುಂಬಾ ಥ್ಯಾಂಕ್ಸ್, ಚುಚ್ಚುಮದ್ದಿಗೆ ಬಂದಾಗ ಎತ್ಕೊಂಡು ಬರ್ತೀವಿ, ತೂಕ ಚೆನ್ನಾಗಿ ಏರಿದೆ.