ಲವಂಗಿಗೆ ಬಾಣಂತನ ಬೇಡ

ಡೊಂಬಿವಲಿ ಪೂರ್ವ
ಭಾನುವಾರ ರಾತ್ರಿ

ಚಿ. ಸಿಂಧೂಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಬೆಕ್ಕು ಲವಂಗಿಗೆ ಮರಿಯಾಗದಂತೆ ಆಪರೇಷನ್ ಮಾಡಿಸಿ ತಂದು, ಫೋನಿನಲ್ಲಿ ನೀನು ಅಳುತ್ತಿದ್ದೆ, ನಾನು ಒಂದು ಮಾತು ಆಡುವಷ್ಟರಲ್ಲಿ ಇಲ್ಲಿ ಕರೆಂಟು ಹೋಗಿ ಎಲ್ಲ ಕಡಿದುಹೋಯಿತು. ಆಮೇಲೆ ಯೋಚಿಸಿದೆ, ಬರೆದು ಕಳಿಸುವುದೇ ಸರಿ. ರಾತ್ರಿ ಎರಡು ಗಂಟೆಗೆ ನಿನಗೆ ಗಾಬರಿಯಾದರೆ ತೆಗೆದು ಓದಿಕೊಳ್ಳಬಹುದು. ಕಾಗದದ ಮೇಲೆ ಬರೆದು ಫೋಟೋ ತೆಗೆದು ಕಳಿಸುತ್ತಿದ್ದೇನೆ. ಅಕ್ಷರ ಕಾಣದಿದ್ದರೆ ದೊಡ್ಡದು ಮಾಡಿಕೋ.

ಮೊದಲ ಮಾತು, ಹೊಲಿಗೆ ನೆಕ್ಕದಿರಲಿ ಅಂತ ಲವಂಗಿಯ ಕೊರಳಿಗೆ ಕಟ್ಟಿರುವ ಕೋನ್ ತೆಗೆಯಬೇಡ. ಈ ರಾತ್ರಿಯಂತೂ ಬೇಡವೇ ಬೇಡ. ಅವಳು ಹಿಂದೆ ಹಿಂದೆ ನಡೆಯುತ್ತಾಳೆ, ಬಾಗಿಲಿಗೆ ಡಿಕ್ಕಿ ಹೊಡೆಯುತ್ತಾಳೆ, ನಿನ್ನ ಮುಖ ನೋಡಿ ಕೂಗುತ್ತಾಳೆ ಅಂದೆಯಲ್ಲ. ನನಗೆ ಗೊತ್ತು ಮಗಾ, ಆ ಕೂಗು ಕೇಳುವುದು ಎಷ್ಟು ಕಷ್ಟ ಅಂತ. ಕೇಳಲಾಗದೆ ನಾನು ಒಮ್ಮೆ ತೆಗೆದಿದ್ದೆ.

1998ರ ಮಳೆಗಾಲ. ನೀನಿನ್ನೂ ಹುಟ್ಟಿರಲಿಲ್ಲ. ನಮ್ಮ ಮನೆಯಲ್ಲಿ ರಾಣಿ ಅಂತ ಬೂದು ಬಣ್ಣದ ಬೆಕ್ಕು ಇತ್ತು, ಏಳು ತಿಂಗಳದ್ದು. ಆಪರೇಷನ್ ಮಾಡಿಸಿಕೊಂಡು ರಿಕ್ಷಾದಲ್ಲಿ ಮಡಿಲಲ್ಲಿಟ್ಟುಕೊಂಡು ಬಂದೆ. ಈಗ ಸಿಗುವಂಥ ಕೋನ್ ಆಗ ನಮ್ಮ ಕಡೆ ಸಿಗುತ್ತಿರಲಿಲ್ಲ. ಡಾಕ್ಟರು ಒಂದು ಹಳೆಯ ಎಕ್ಸ್‌ರೇ ಹಾಳೆಯನ್ನು ಸುರುಳಿ ಸುತ್ತಿ, ಅಂಚಿಗೆ ಬಿಳಿ ಪ್ಲಾಸ್ಟರ್ ಅಂಟಿಸಿ ಕೊರಳಿಗೆ ಕಟ್ಟಿ ಕಳಿಸಿದ್ದರು. ಬೆಳಕಿಗೆ ಹಿಡಿದರೆ ಅದರಲ್ಲಿ ಯಾರದೋ ಪಕ್ಕೆಲುಬು ಕಾಣುತ್ತಿತ್ತು. ಮೂರನೆಯ ರಾತ್ರಿ ಅದು ಗೋಡೆಗೆ ತಲೆ ಉಜ್ಜಿ ಉಜ್ಜಿ ಕೂಗುವುದನ್ನು ನೋಡಲಾಗದೆ, ‘ಒಂದು ಗಳಿಗೆ ಹಾಯಾಗಿ ಮಲಗಲಿ’ ಅಂತ ಬಿಚ್ಚಿದೆ. ಅದು ನನ್ನ ಕಾಲ ಬಳಿ ಗುರುಗುರು ಅನ್ನುತ್ತ ಮಲಗಿತು. ನನಗೂ ಜೊಂಪು ಹತ್ತಿತು. ಬೆಳಿಗ್ಗೆ ಐದಕ್ಕೆ ನೀರು ಬಂದ ಸದ್ದಿಗೆ ಎದ್ದು ನೋಡಿದರೆ ಚಾದರದ ಮೇಲೆ ಅಂಗೈಯಗಲ ಒದ್ದೆ. ಮೂರು ಹೊಲಿಗೆಯಲ್ಲಿ ಎರಡು ಬಿಟ್ಟಿತ್ತು, ಚರ್ಮ ತುಟಿಯ ಹಾಗೆ ತೆರೆದಿತ್ತು. ಒಳಗಿನ ಪದರದ ಹೊಲಿಗೆ ಗಟ್ಟಿ ಇದ್ದದ್ದಕ್ಕೆ ಜೀವ ಉಳಿಯಿತು. ಮತ್ತೆ ಮತ್ತಿನ ಇಂಜೆಕ್ಷನ್, ಮತ್ತೆ ಹೊಲಿಗೆ, ಮತ್ತೆ ಹದಿನಾಲ್ಕು ದಿನ. ಆ ಒಂದು ಗಳಿಗೆಯ ಕರುಣೆಗೆ ರಾಣಿ ಎರಡು ಸಲ ನೋವು ತಿಂದಿತು.

ಬೆಕ್ಕಿನ ನಾಲಿಗೆ ಅಂದರೆ ತುರಿಮಣೆ. ನಮ್ಮ ಉಗುರು ಯಾವುದರಿಂದ ಆಗಿದೆಯೋ ಅದರಿಂದಲೇ ಆದ ಸಣ್ಣ ಸಣ್ಣ ಮುಳ್ಳು ಅದರ ತುಂಬ ಇರುತ್ತವೆ, ಹಿಮ್ಮುಖವಾಗಿ ಬಾಗಿಕೊಂಡು. ನೆಕ್ಕಿದರೆ ಗಾಯ ಬೇಗ ವಾಸಿ ಅನ್ನುವ ಮಾತನ್ನು ನಂಬಬೇಡ. ಹತ್ತರಿಂದ ಹದಿನಾಲ್ಕು ದಿನ, ಡಾಕ್ಟರು ನೋಡಿ ಸಾಕು ಅನ್ನುವ ತನಕ ಕೋನ್ ಇರಲಿ. ಊಟಕ್ಕೆ ಅಡ್ಡ ಬಂದರೆ ಅಗಲವಾದ ತಟ್ಟೆಯಲ್ಲಿ ಹಾಕು, ತಟ್ಟೆಯನ್ನು ಸ್ವಲ್ಪ ಎತ್ತರಕ್ಕಿಡು. ಆಗಲೂ ತಿನ್ನದಿದ್ದರೆ ಎದುರು ಕೂತು ಬಿಚ್ಚು, ತಿಂದ ಕೂಡಲೇ ಕಟ್ಟು, ನಡುವೆ ಫೋನ್ ಕೈಗೆತ್ತಿಕೊಳ್ಳಬೇಡ. ಮೈಗೆ ತೊಡಿಸುವ ಬಟ್ಟೆಯ ಅಂಗಿಯೂ ಸಿಗುತ್ತದಂತೆ, ಕೆಲವು ಬೆಕ್ಕುಗಳು ಅದಕ್ಕೆ ಬೇಗ ಹೊಂದಿಕೊಳ್ಳುತ್ತವೆ. ನಾಳೆ ಅಂಗಡಿ ತೆರೆದ ಮೇಲೆ ಕೇಳು. ನಿಮ್ಮ ಮ್ಯೂನಿಕ್ಕಿನಲ್ಲಿ ಭಾನುವಾರ ಒಂದು ಅಂಗಡಿಯೂ ತೆರೆಯುವುದಿಲ್ಲ ಅಂತ ನೀನೇ ಹೇಳಿದ್ದೆ, ಮುಂದಿನ ಭಾನುವಾರಕ್ಕೆ ಬೇಕಾದದ್ದನ್ನು ಶನಿವಾರವೇ ತಂದಿಟ್ಟುಕೋ.

ಇನ್ನು ನಿನ್ನ ಅಮ್ಮ ಹೇಳಿದ್ದು. ಬಿಸಿಹಾಲಿಗೆ ಅರಿಸಿನ ಹಾಕಿ ಕುಡಿಸು, ಗಾಯಕ್ಕೆ ಕೊಬ್ಬರಿ ಎಣ್ಣೆ ಹಚ್ಚು, ತುಪ್ಪದ ಅನ್ನ ಕೊಡು ಅಂದಳಂತೆ. ತಂಗಿಯ ಮಾತು ಕೇಳಬೇಡ ಅಂತ ನಿನಗೆ ನಾನು ಹೇಳುತ್ತಿರುವುದು ಇದೇ ಮೊದಲು. ನಮ್ಮ ಮನೆಯ ಹೆಂಗಸರಿಗೆ ಹೊಟ್ಟೆಯ ಮೇಲೆ ಹೊಲಿಗೆ ಅಂದಕೂಡಲೇ ಬಾಣಂತಿ ನೆನಪಾಗುತ್ತಾಳೆ. ನಿನ್ನ ಅಮ್ಮನ ಬಾಣಂತನ ಮಾಡಿದವಳೇ ನಾನು. ಎಣ್ಣೆ ನೀರು, ಮೆಣಸಿನ ಸಾರು, ಹೊಗೆ, ಎಲ್ಲ ನನ್ನ ಕೈಯಿಂದಲೇ ಆಗಿದೆ. ಆದರೆ ಲವಂಗಿಗೆ ಬಾಣಂತನ ಬೇಡ. ಬೆಳೆದ ಬೆಕ್ಕಿಗೆ ಹಾಲು ಜೀರ್ಣವಾಗುವುದು ಕಷ್ಟ, ಭೇದಿ ಹಿಡಿದರೆ ತಿಣುಕಿ ತಿಣುಕಿ ಹೊಲಿಗೆಗೆ ಪೆಟ್ಟು. ಎಣ್ಣೆ ಹಚ್ಚಿದರೆ ರುಚಿ ಹತ್ತಿ ಕೋನಿನೊಳಗಿಂದಲೂ ಕತ್ತು ಚಾಚುತ್ತಾಳೆ. ಅರಿಸಿನ ಹಚ್ಚಿದರೆ ಗಾಯ ಕೆಂಪಾಗಿದೆಯೋ ಹಳದಿಯಾಗಿದೆಯೋ ನಿನಗೇ ತಿಳಿಯುವುದಿಲ್ಲ. ಡೆಟಾಲ್ ಅಂತೂ ಹತ್ತಿರ ತರಬೇಡ, ಅದು ಬೆಕ್ಕಿಗೆ ವಿಷ. ಸ್ನಾನವಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸುವುದೂ ಬೇಡ. ಗಾಯ ಒಣಗಿರಬೇಕು, ಅಷ್ಟೇ.

ಇದಕ್ಕಿಂತ ದೊಡ್ಡ ಮಾತು ಒಂದಿದೆ. ನೋವಿಗೆ ಅಂತ ನಿನ್ನ ಪೆಟ್ಟಿಗೆಯ ಮಾತ್ರೆಯನ್ನು ಅವಳಿಗೆ ಕೊಡಬೇಡ, ಕಾಲು ಭಾಗ ಕೂಡ ಬೇಡ. ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲುತ್ತದೆ. ನಮ್ಮ ಲಿವರ್ ಅದನ್ನು ಕರಗಿಸಿ ಹೊರಹಾಕುವ ದಾರಿ ಬೆಕ್ಕಿನ ಲಿವರಿನಲ್ಲಿ ಸರಿಯಾಗಿ ಇಲ್ಲ. ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ, ಆಮ್ಲಜನಕ ಒಯ್ಯುವ ಶಕ್ತಿ ಹೋಗುತ್ತದೆ, ಮುಖ ಮತ್ತು ಪಾದ ಊದಿಕೊಳ್ಳುತ್ತವೆ. ನಮ್ಮ ಕೆಳಗಿನ ಮನೆಯವರು ಜ್ವರ ಅಂತ ಮಕ್ಕಳ ಸಿರಪ್ ಒಂದು ಚಮಚ ಹಾಕಿದ್ದರು. ಪಾಪ, ಪ್ರೀತಿಯಿಂದಲೇ ಹಾಕಿದ್ದು. ಮರುದಿನ ಸಂಜೆಯೊಳಗೆ ಬೆಕ್ಕು ಹೋಯಿತು. ಐಬುಪ್ರೊಫೇನ್, ಆಸ್ಪಿರಿನ್ ಕೂಡ ಹಾಗೆಯೇ. ನಿನ್ನ ಡಾಕ್ಟರು ಕೊಟ್ಟಿರುವ ಮೆಲಾಕ್ಸಿಕಾಮ್ ಹನಿ ಬೆಕ್ಕಿನದೇ ಔಷಧಿ. ಅದನ್ನು ಸಿರಿಂಜಿನಲ್ಲಿ ಅವರು ಹೇಳಿದಷ್ಟೇ ಗೆರೆಗೆ ಎಳೆದು, ಊಟದ ಜೊತೆ ಕೊಡು. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ಪಾಲು ಹಾಕಬೇಡ.

ಮೈ ಬಿಸಿ ಇದೆ ಅಂದೆ. ಬೆಕ್ಕಿನ ಮೈ ನಮಗಿಂತ ಬಿಸಿಯೇ, 38ರಿಂದ 39.2 ಡಿಗ್ರಿ ತನಕ ಅದಕ್ಕೆ ಸಹಜ. ಕೈಯಿಟ್ಟು ನೋಡಿ ಜ್ವರ ಅಂತ ತೀರ್ಮಾನಿಸಬೇಡ. ಹೊಲಿಗೆಯ ಕೆಳಗೆ ಬಟಾಣಿ ಕಾಳಿನಷ್ಟು ಗಂಟು ಇದೆ ಅಂದೆಯಲ್ಲ, ಗಟ್ಟಿಯಾಗಿದ್ದು, ಮುಟ್ಟಿದರೆ ನೋಯದೆ, ಬೆಳೆಯದೆ ಇದ್ದರೆ ಅದು ಕರಗುವ ದಾರಕ್ಕೆ ಮೈ ತೋರಿಸುವ ಪ್ರತಿಕ್ರಿಯೆ. ಕೆಲವು ವಾರದಲ್ಲಿ ಇಳಿಯುತ್ತದೆ. ಅದೇ ಮೆತ್ತಗಾಗಿ, ದಿನದಿಂದ ದಿನಕ್ಕೆ ದೊಡ್ಡದಾಗಿ, ಬಿಸಿಯಾಗಿ, ಒಸರತೊಡಗಿದರೆ, ಇಲ್ಲವೇ ವಾಸನೆ ಬಂದರೆ ತೋರಿಸಲೇಬೇಕು. ರಾಣಿಗೆ ಎಡಪಕ್ಕೆಯಲ್ಲಿ ಕೊಯ್ದಿದ್ದರು, ಲವಂಗಿಗೆ ಹೊಟ್ಟೆಯ ನಡುವೆ ಕೊಯ್ದಿದ್ದಾರೆ. ಎರಡೂ ಪದ್ಧತಿ ಇದೆ, ಎರಡೂ ಸರಿಯೇ. ನಡುವೆ ಇದ್ದರೆ ನಮಗೆ ಕಾಣುವುದು ಮಾತ್ರ ಕಷ್ಟ. ಅದಕ್ಕೆ ಅವಳನ್ನು ಮಗುಚಿ ಹಾಕಬೇಡ. ಮುಂಗಾಲಿನ ಹಿಂದೆ ಒಂದು ಕೈ, ಹಿಂಭಾಗದ ಅಡಿಗೆ ಒಂದು ಕೈ ಕೊಟ್ಟು ಮೆಲ್ಲಗೆ ಎತ್ತಿ, ಬೆಳಕಿನಲ್ಲಿ ನೋಡಿ ಇಳಿಸಿಬಿಡು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸಾಕು. ಗಂಟೆಗೊಮ್ಮೆ ಎತ್ತಿದರೆ ನೀನೇ ಅವಳಿಗೆ ಭಯ.

ಎರಡು ದಿನದಿಂದ ಕಕ್ಕ ಮಾಡಿಲ್ಲ ಅನ್ನುವುದಕ್ಕೆ ಹೆದರಬೇಡ. ಆಪರೇಷನ್ನಿಗೆ ಮುಂಚೆ ಉಪವಾಸ, ಆಮೇಲೆ ನೋವಿನ ಔಷಧಿ, ಹೊಟ್ಟೆಯಲ್ಲಿ ಇರುವುದಾದರೂ ಏನು? ಮೂರು ದಿನ ದಾಟಿದರೆ ಕೇಳು. ಉಚ್ಚೆ ಹೊಯ್ಯಬೇಕು, ಅದು ಮುಖ್ಯ, ಇಡೀ ದಿನ ಹೊಯ್ಯದಿದ್ದರೆ ಕಾಯಬೇಡ. ಊಟ ಮೊದಲ ರಾತ್ರಿ ಸ್ವಲ್ಪ ತಿಂದಳು, ನಿನ್ನೆ ಅರ್ಧ ತಿಂದಳು ಅಂದೆ, ಅದು ಒಳ್ಳೆಯ ಸುದ್ದಿ. ಒಂದಿಡೀ ದಿನ ಬಾಯಿಗೆ ಏನೂ ಮುಟ್ಟಿಸದಿದ್ದರೆ ಮಾತ್ರ ಸುಮ್ಮನಿರಬೇಡ. ಬೆಕ್ಕು ನಾಯಿಯ ಹಾಗಲ್ಲ, ಕೆಲವು ದಿನ ಉಪವಾಸ ಬಿದ್ದರೆ ಮೈಯ ಕೊಬ್ಬೆಲ್ಲ ಲಿವರಿಗೆ ಹೋಗಿ ಕೂರುತ್ತದೆ. ಒದ್ದೆ ಊಟವನ್ನು ಸ್ವಲ್ಪ ಬೆಚ್ಚಗೆ ಮಾಡಿಕೊಡು, ವಾಸನೆ ಏಳಬೇಕು. ನಮ್ಮ ಓಣಿಗೆ ಮೀನು ತರುವ ಮೌಶಿ ಬಾಂಗಡೆಯ ಬುಟ್ಟಿ ಇಳಿಸುವ ಮೊದಲೇ ಮೂರನೆಯ ಮಹಡಿಯಿಂದ ಬೆಕ್ಕು ಇಳಿಯುತ್ತಿತ್ತಲ್ಲ, ಎಲ್ಲ ಮೂಗಿನ ಮಹಿಮೆ.

ಮಂಚದ ಕೆಳಗೆ ಅಡಗಿ ಕೂತು, ಕರೆದರೂ ಬರುವುದಿಲ್ಲ, ನನ್ನ ಮೇಲೆ ಕೋಪ ಅಂದೆ. ಕೋಪವಲ್ಲ ಮಗಾ. ನೋವಿರುವ ಬೆಕ್ಕು ಮರೆಗೆ ಹೋಗುತ್ತದೆ, ಹುಟ್ಟುಗುಣ. ಗುರುಗುಟ್ಟುತ್ತಿದ್ದರೆ ಸುಖವಾಗಿದೆ ಅಂತಲೂ ತಿಳಿಯಬೇಡ, ನೋವಿನಲ್ಲೂ ಗುರುಗುಟ್ಟುತ್ತವೆ. ಕೈಗೆ ಸಿಗದ ಮಂಚದಡಿ ಬೇಡ, ಒಂದು ರಟ್ಟಿನ ಪೆಟ್ಟಿಗೆಯನ್ನು ಮಗ್ಗುಲಿಗೆ ಮಲಗಿಸಿ, ನಿನ್ನ ಉಟ್ಟ ಹಳೆಯ ಅಂಗಿ ಹಾಸಿ ನೆಲದ ಮೇಲೆ ಇಡು. ಮಂಚದಡಿಯನ್ನು ಸೂಟ್‌ಕೇಸಿನಿಂದ ಮುಚ್ಚಿಬಿಡು. ಕಪಾಟು, ಕಿಟಕಿ ಹಲಗೆ ಹತ್ತದಂತೆ ಕುರ್ಚಿಗಳನ್ನು ದೂರ ಸರಿಸು. ಹೊಟ್ಟೆಯ ಕೂದಲು ಬೋಳಿಸಿದ್ದಾರೆ, ಹೊರಗೆ ಚಳಿ, ನೆಲಕ್ಕೆ ಹಾಸು ದಪ್ಪಗಿರಲಿ.

ಆ ಕಿಟಕಿಯ ಮಾತು ಬಂತಲ್ಲ. ವಿಡಿಯೋದಲ್ಲಿ ನೋಡಿದೆ, ಮೇಲ್ತುದಿ ಒಳಕ್ಕೆ ವಾಲಿಕೊಂಡು ಕೆಳಗೆ ಇಕ್ಕಟ್ಟಾಗುವ ಕಿಟಕಿ. ಗಾಳಿಗೆ ಅಂತ ನೀನು ಅದನ್ನು ಹಾಗೇ ಬಿಟ್ಟು ಆಫೀಸಿಗೆ ಹೋಗುತ್ತೀ. ಬೆಕ್ಕು ಅದರಲ್ಲಿ ನುಸುಳಲು ಹೋಗಿ ಕೆಳಗಿನ ಸಂದಿಗೆ ಜಾರಿ ಸಿಕ್ಕಿಕೊಳ್ಳುತ್ತದೆ, ಒದ್ದಾಡಿದಷ್ಟೂ ಬಿಗಿಯುತ್ತದೆ, ಹಿಂಗಾಲಿಗೆ ರಕ್ತ ನಿಂತುಹೋಗುತ್ತದೆ. ಆ ದೇಶದಲ್ಲಿ ಇದಕ್ಕೆ ಬೇರೆ ಹೆಸರೇ ಇದೆಯಂತೆ, ಅಷ್ಟು ಬೆಕ್ಕುಗಳು ಹಾಗೆ ಸಾಯುತ್ತವೆ. ಗಾಯ ಮಾಯುವ ತನಕ ಮಾತ್ರವಲ್ಲ, ಎಂದೆಂದಿಗೂ ನೀನು ಮನೆಯಲ್ಲಿ ಇಲ್ಲದಾಗ ಅದನ್ನು ಪೂರ್ತಿ ಮುಚ್ಚು, ಇಲ್ಲವೇ ಜಾಲರಿ ಹಾಕಿಸು. ಸಂಗಾತಿಯರು ನೋಡಲು ಬರುವಾಗ ಹೂವಿನ ಗುಚ್ಛ ತಂದರೆ ಅದರಲ್ಲಿ ಲಿಲ್ಲಿ ಇದೆಯೋ ನೋಡು. ಅದರ ಪರಾಗ ಮೈಗಂಟಿ ನೆಕ್ಕಿಕೊಂಡರೂ ಬೆಕ್ಕಿನ ಕಿಡ್ನಿ ಹೋಗುತ್ತದೆ.

ಓಡಬೇಕಾದದ್ದು ಯಾವಾಗ ಅಂದರೆ, ತುಟಿ ಎತ್ತಿ ನೋಡಿದಾಗ ಒಸಡು ಗುಲಾಬಿಯಾಗಿರದೆ ಬಿಳುಚಿಕೊಂಡಿದ್ದರೆ, ಗಾಯದಿಂದ ರಕ್ತ ತೊಟ್ಟಿಕ್ಕುತ್ತಲೇ ಇದ್ದರೆ, ಹೊಲಿಗೆ ಬಿಟ್ಟರೆ, ಮತ್ತೆ ಮತ್ತೆ ವಾಂತಿಯಾದರೆ, ಬಾಯಿ ತೆರೆದು ಏದುಸಿರು ಬಿಟ್ಟರೆ, ಮೈ ತಣ್ಣಗಾಗಿ ಎಬ್ಬಿಸಿದರೂ ಏಳದಿದ್ದರೆ. ಆಗ ನನ್ನನ್ನೂ ಕೇಳಬೇಡ, ನಿನ್ನ ಅಮ್ಮನನ್ನೂ ಕೇಳಬೇಡ. ರಾತ್ರಿ ತುರ್ತಿಗೆ ತೋರಿಸಿದರೆ 50 ಯೂರೋ ಬೇರೆ ಶುಲ್ಕ, ಮೇಲೆ ಚಿಕಿತ್ಸೆಯ ದರವೂ ಹೆಚ್ಚು ಅಂತ ನೀನು ಹಿಂಜರಿದೆ. ಆ ಹಣ ನನ್ನ ಲೆಕ್ಕಕ್ಕೆ ಬರೆದುಕೋ. ನಿನ್ನ ದೊಡ್ಡಪ್ಪನ ಪೆನ್ಷನ್ನಿನಲ್ಲಿ ಬೆಕ್ಕಿಗೂ ಒಂದು ಪಾಲು ಇದೆ. ಆ ಆಸ್ಪತ್ರೆಯ ನಂಬರನ್ನು ಈಗಲೇ ಒಂದು ಚೀಟಿಯಲ್ಲಿ ಬರೆದು ಬಾಗಿಲಿಗೆ ಅಂಟಿಸು.

ಕಡೆಗೆ ನೀನು ಅಂದ ಮಾತು, ‘ಅವಳನ್ನು ಒಂದು ಮಾತು ಕೇಳದೆ ಕೊಯ್ಯಿಸಿಬಿಟ್ಟೆ ದೊಡ್ಡಮ್ಮಾ, ಮೋಸ ಮಾಡಿದೆ.’ ಇದಕ್ಕೆ ನನ್ನ ಹತ್ತಿರ ಇರುವ ಉತ್ತರ ನಮ್ಮ ಮೆಟ್ಟಿಲ ಕೆಳಗಿನ ಬಿಳಿ ಬೆಕ್ಕು. ಅದನ್ನು ಯಾರೂ ಸಾಕಿರಲಿಲ್ಲ, ಎಲ್ಲರೂ ಅನ್ನ ಹಾಕುತ್ತಿದ್ದರು. ಬೆಕ್ಕು ಒಂಬತ್ತು ವಾರಕ್ಕೆ ಈಯುತ್ತದೆ, ಮರಿ ಮೊಲೆ ಕುಡಿಯುತ್ತಿರುವಾಗಲೇ ಮತ್ತೆ ಬೆದೆಗೆ ಬರುತ್ತದೆ. ಒಂದೇ ವರ್ಷ ಅದು ಮೂರು ಸಲ ಹೆತ್ತದ್ದನ್ನು ನಾನು ಎಣಿಸಿದ್ದೇನೆ. ಜುಲೈ ಮಳೆಗೆ ಮೀಟರ್ ಪೆಟ್ಟಿಗೆಯ ಕೆಳಗೆ ನೀರು ನುಗ್ಗಿದಾಗ, ಒಂದೊಂದೇ ಮರಿಯ ಕತ್ತು ಕಚ್ಚಿ ಮೇಲಿನ ಮೆಟ್ಟಿಲಿಗೆ ಸಾಗಿಸುತ್ತಿತ್ತು. ನಾಲ್ಕನೆಯದಕ್ಕೆ ಇಳಿಯುವಾಗ ಅದರ ಕಾಲು ನಡುಗುತ್ತಿತ್ತು, ಬೆನ್ನಿನ ಎಲುಬು ಲೆಕ್ಕಕ್ಕೆ ಸಿಗುವಂತಿತ್ತು. ಆ ನಾಲ್ಕರಲ್ಲಿ ಒಂದೂ ದೀಪಾವಳಿ ಕಾಣಲಿಲ್ಲ. ಆಮೇಲೆ ಬೆಕ್ಕುಗಳನ್ನು ಹಿಡಿದು ಆಪರೇಷನ್ ಮಾಡಿಸಿ ಬಿಡುವ ಹುಡುಗಿಯರು ಬಂದು ಕರೆದೊಯ್ದರು. ಕಿವಿಯ ತುದಿ ಗುರುತಿಗೆ ಕತ್ತರಿಸಿಕೊಂಡು ತಿರುಗಿ ಬಂದ ಬೆಕ್ಕು ಮುಂದೆ ಆರು ವರ್ಷ ಅದೇ ಮೆಟ್ಟಿಲ ಮೇಲೆ ದುಂಡಗೆ ಮಲಗಿತ್ತು. ಅದಕ್ಕೆ ಮೋಸವಾಯಿತು ಅಂತ ನನಗೆ ಒಂದು ದಿನವೂ ಅನ್ನಿಸಲಿಲ್ಲ.

ನಿನ್ನ ದೊಡ್ಡಪ್ಪ ಮಿಲ್ಲಿನ ಆಫೀಸಿಗೆ ಹೋಗುತ್ತಿದ್ದ ಕಾಲದಲ್ಲಿ ಮುಂಬೈಯ ಪರೇಲಿನಲ್ಲಿ ಬಾಯಿ ಸಕರಬಾಯಿ ಪ್ರಾಣಿ ಆಸ್ಪತ್ರೆಯ ಮುಂದೆ ಹಾದುಬರುತ್ತಿದ್ದರು. ಹಿಂದಿನ ಕಾಲದ ಮಿಲ್ಲು ಮಾಲೀಕ ಸರ್ ದಿನ್‌ಷಾ ಪೆಟಿಟ್ ಹೆಂಡತಿಯ ಹೆಸರಿನಲ್ಲಿ ಕಟ್ಟಿಸಿದ್ದು. ಗಾಯಗೊಂಡ ಎತ್ತು, ಕುದುರೆ, ಬುಟ್ಟಿಯಲ್ಲಿ ಬೆಕ್ಕು ಹಿಡಿದು ಕಾದವರು, ಎಲ್ಲ ನೋಡಿ ಬಂದು ರಾತ್ರಿ ಊಟಕ್ಕೆ ಕೂತಾಗ ಹೇಳುತ್ತಿದ್ದರು. ಮಾತು ಬಾರದ ಜೀವವನ್ನು ಎತ್ತಿಕೊಂಡವರು ಅದರ ಪರವಾಗಿ ಆಲೋಚನೆಯನ್ನೂ ಮಾಡಬೇಕಾಗುತ್ತದೆ. ನೀನು ಮಾಡಿದೆ. ಇನ್ನು ಅವಳಿಗೆ ಗರ್ಭಕೋಶದಲ್ಲಿ ಕೀವು ತುಂಬುವ ಭಯವಿಲ್ಲ, ಮೊಲೆಯ ಗಡ್ಡೆಯ ಭಯವೂ ಬಹಳ ಕಡಿಮೆಯಾಯಿತು. ಹಸಿವು ಮಾತ್ರ ಹೆಚ್ಚುತ್ತದೆ, ಮೈಗೆ ಬೇಕಾದದ್ದು ಕಡಿಮೆಯಾಗುತ್ತದೆ. ಗಾಯ ಮಾಯ್ದ ಮೇಲೆ ಊಟ ಅಳೆದು ಹಾಕು.

ರಾಣಿಯ ಆಪರೇಷನ್ ಆದಾಗ ನಾನು ಇಲ್ಲಿ ಒಬ್ಬಳೇ ಕಾವಲು ಕೂತವಳಲ್ಲ. ಎದುರು ಮನೆಯ ಕಾಕೂ ಹಗಲು ಎರಡು ಗಂಟೆ ನೋಡಿಕೊಳ್ಳುತ್ತಿದ್ದರು. ನಿನಗೆ ಅಲ್ಲಿ ಬಾಗಿಲು ತಟ್ಟಿ ಕರೆಯಲು ಯಾರೂ ಇಲ್ಲ ಅಂತ ನನಗೆ ಸಂಕಟ. ಆಫೀಸಿನ ಆ ಮಂಡ್ಯದ ಹುಡುಗಿಗೆ ನಾಳೆ ಸಂಜೆ ಬಾ ಅಂತ ಹೇಳು. ಅವಳು ಲವಂಗಿಯ ಎದುರು ಕೂತಿರಲಿ, ನೀನು ಎರಡು ಗಂಟೆ ಮಲಗು. ಅನ್ನ ಸಾರು ಮಾಡಿ ಉಣ್ಣು, ಬ್ರೆಡ್ಡಿನಲ್ಲೇ ಕಳೆಯಬೇಡ.

ನಾಳೆ ಬೆಳಿಗ್ಗೆ ಎಂಟಕ್ಕೆ ಹೊಲಿಗೆಯ ಫೋಟೋ ಕಳಿಸು, ಇಲ್ಲಿ ಆಗ ಹನ್ನೆರಡೂವರೆ, ನಾನು ಅಡುಗೆ ಮುಗಿಸಿ ಕನ್ನಡಕ ಹಾಕಿಕೊಂಡು ಕೂತಿರುತ್ತೇನೆ. ದಿನಾ ಅದೇ ಜಾಗದಲ್ಲಿ, ಅದೇ ಬೆಳಕಿನಲ್ಲಿ ತೆಗೆ, ಪಕ್ಕಕ್ಕೆ ಒಂದು ಯೂರೋ ನಾಣ್ಯ ಇಡು. ಗಂಟು ಬೆಳೆಯಿತೋ ಇಳಿಯಿತೋ ಇಬ್ಬರೂ ಸೇರಿ ನೋಡೋಣ.

ಇಂತಿ ನಿನ್ನ,
ದೊಡ್ಡಮ್ಮ